ಮಹಾಮಾರಿಯ ದಿನಗಳಲ್ಲಿ ಓಟದ ಪಂದ್ಯ

ಮಧುಗಿರಿಯ ಏಕಶಿಲಾ ಬೆಟ್ಟದ ನೆತ್ತಿಗೆ ಬಿಸಿಲು ತಾಗುವುದಕ್ಕೆ ಮುಂಚೆಯೇ, ಅದರ ತಪ್ಪಲಿನಿಂದ ಶಿರಾ, ಪಾವಗಡ, ಕೊರಟಗೆರೆಗಳ ಕಡೆಗೆ ಕವಲೊಡೆಯುವ ರಸ್ತೆಗಳ ಅಂಚಿನಲ್ಲಿ ಓಡುವವರ ಹೆಜ್ಜೆಯ ಸಪ್ಪಳ ಕೇಳಿಬರುವುದು ಈಚಿನ ವರ್ಷಗಳಲ್ಲಿ ನಮ್ಮ ಸೀಮೆಗೆ ವಾಡಿಕೆಯಾಗಿಬಿಟ್ಟಿದೆ. ಸಮುದ್ರಮಟ್ಟದಿಂದ 1193 ಮೀಟರು ಎತ್ತರದ ಆ ಬಂಡೆ ನೂರಾರು ವರ್ಷಗಳಿಂದ ಏರುವವರನ್ನು ಕಂಡಿದೆ. ಓಡುವವರನ್ನು ಕಾಣುತ್ತಿರುವುದು ಹೊಸದು. ಅವರಲ್ಲಿ ಕೆಲವರು ಸಕ್ಕರೆ ಕಾಯಿಲೆಗೋ ರಕ್ತದೊತ್ತಡಕ್ಕೋ ಹೆದರಿ ವೈದ್ಯರ ಮಾತಿನಂತೆ ಬೀದಿಗಿಳಿದ ಮಧ್ಯವಯಸ್ಕರು. ಇನ್ನು ಕೆಲವರು ಬೆಂಗಳೂರಿನಲ್ಲಿ 2008ರಿಂದ ನಡೆದುಬಂದಿರುವ ಹತ್ತು ಕಿಲೋಮೀಟರಿನ ಟಿಸಿಎಸ್ ಓಟದಂಥ ಪಂದ್ಯಕ್ಕೆ ಒಮ್ಮೆ ಹೋಗಿ, ಸಹಸ್ರಾರು ಜನರ ನಡುವೆ ಓಡಿದ ಆ ಆನಂದವನ್ನು ಮರೆಯಲಾರದೆ ಬಂದವರು. ಮಿಕ್ಕ ಬಹುಪಾಲಿನವರು ಪೊಲೀಸ್ ಇಲಾಖೆಯ ಅಥವಾ ಸೇನೆಯ ಭರ್ತಿಗಾಗಿ ದೇಹವನ್ನು ಅಣಿಗೊಳಿಸುತ್ತಿರುವ ತರುಣರು. ರಸ್ತೆಯ ಮೋರಿಯ ಗೋಡೆಯ ಮೇಲೆ ಸುಣ್ಣದ ಗೀಟೊಂದನ್ನು ಎಳೆದು, ಅಲ್ಲಿಂದ 1600 ಮೀಟರು ಅಳೆದು, ಕೈಯಲ್ಲಿ ಮೊಬೈಲು ಹಿಡಿದ ಗೆಳೆಯನೊಬ್ಬನನ್ನು ಗಡಿಯಾರಕ್ಕೆ ನಿಲ್ಲಿಸಿಕೊಂಡು ಓಡುವವರು.

ಈ ಎಲ್ಲರ ಮುಂದೆಯೂ 2020ರಲ್ಲಿ, ಕೋವಿಡ್ ಮಹಾಮಾರಿ ಬಂದಾಗ, ಹಿಂದೆಂದೂ ಓಟಗಾರನೊಬ್ಬ ತನ್ನನ್ನು ತಾನು ಕೇಳಿಕೊಂಡಿರದ ಪ್ರಶ್ನೆಯೊಂದು ಬಂದು ನಿಂತಿತು. ಕಾಲಿನಲ್ಲಿ ಬಲವಿದೆಯೆ, ಎದೆಯಲ್ಲಿ ಉಸಿರಿದೆಯೆ, ಅಭ್ಯಾಸ ಸಾಲುವುದೆ ಎಂಬಿವು ಹಳೆಯ ಪ್ರಶ್ನೆಗಳು. ಇವೆಲ್ಲವಕ್ಕೂ ಹೌದೆಂಬ ಉತ್ತರ ದೊರೆತ ಮೇಲೆಯೂ, ಪಂದ್ಯಕ್ಕೆ ಹೋಗುವುದು ಸರಿಯೆ ಎಂಬುದು ಹೊಸ ಪ್ರಶ್ನೆ. ಆ ವರ್ಷದ ಮಾರ್ಚ್ ತಿಂಗಳನ್ನು ದಿನ ದಿನವಾಗಿ ನೆನೆದುಕೊಂಡರೆ ಈ ಪ್ರಶ್ನೆ ಎಷ್ಟು ವೇಗದಿಂದ ನಮ್ಮ ಹೊಸ್ತಿಲಿಗೆ ಬಂದಿತೆಂಬುದು ತಿಳಿದೀತು. ಮಾರ್ಚ್ 1ರಂದು ಜಪಾನಿನ ಟೋಕಿಯೋ ಮ್ಯಾರಥಾನಿನಲ್ಲಿ, ಮೂವತ್ತೆಂಟು ಸಾವಿರ ಜನ ಓಡಬೇಕಾಗಿದ್ದ ಬೀದಿಗಳಲ್ಲಿ ಇನ್ನೂರರಷ್ಟು ಶ್ರೇಷ್ಠ ಓಟಗಾರರು ಮಾತ್ರ ಓಡಿದರು. ಮಾರ್ಚ್ 10ರಂದು ನಮ್ಮ ಕಲಬುರಗಿಯಲ್ಲಿ ಸಂಭವಿಸಿದ ಮರಣವೇ ಭಾರತದಲ್ಲಿ ಈ ವ್ಯಾಧಿಯಿಂದಾದ ಮೊದಲ ಮರಣವೆಂದು ದಾಖಲಾಯಿತು. 13ರಂದು ರಾಜ್ಯ ಸರ್ಕಾರ ಚಿತ್ರಮಂದಿರಗಳನ್ನೂ ಮಾಲುಗಳನ್ನೂ ಜನ ಗುಂಪುಗೂಡುವ ಸಮಾರಂಭಗಳನ್ನೂ ಒಂದು ವಾರ ನಿಲ್ಲಿಸಬೇಕೆಂದು ಆದೇಶಿಸಿತು. 22ರಂದು ಜನತಾ ಕರ್ಫ್ಯೂ; 25ರಿಂದ ದೇಶವಿಡೀ ಲಾಕ್‌ಡೌನ್. 27ರಂದು ತುಮಕೂರು ಜಿಲ್ಲೆಯ ಮೊದಲ ಕೋವಿಡ್ ಮರಣ; ಗತಿಸಿದವರು ಶಿರಾದ ಹಿರಿಯರೊಬ್ಬರು. ಟೋಕಿಯೋ ನಗರದಿಂದ ಶಿರಾ ಪಟ್ಟಣಕ್ಕೆ ಈ ವಾರ್ತೆ ನಡೆದುಬರಲು ಇಪ್ಪತ್ತಾರು ದಿನ ಸಾಕಾಯಿತು.

ಲಾಕ್‌ಡೌನಿನ ದಿನಗಳಲ್ಲಿ ಓಟಗಾರನಿಗೆ ನಿರ್ಧಾರದ ಭಾರವಿರಲಿಲ್ಲ. ಸರ್ಕಾರವೇ ಅವನ ಪರವಾಗಿ ನಿರ್ಧರಿಸಿತ್ತು. ಕಷ್ಟವಾದುದು ಬಾಗಿಲು ಅರ್ಧ ತೆರೆದ ಮೇಲೆ. ಆ ವರ್ಷದ ಕೊನೆಯ ತಿಂಗಳುಗಳಲ್ಲಿ, ಮತ್ತು 2021ರ ಆರಂಭದಲ್ಲಿ, ಸೋಂಕು ಇಳಿಮುಖವಾದಂತೆ ತೋರಿ ಬಸ್ಸುಗಳು ಓಡತೊಡಗಿ ಸಂತೆಗಳು ಕೂಡತೊಡಗಿದಾಗ, ನಿಷೇಧವೂ ಇಲ್ಲದೆ ನಿರ್ಭಯವೂ ಇಲ್ಲದೆ ಉಳಿದ ಆ ಸಂದಿಗ್ಧ ಕಾಲದಲ್ಲಿ, ಪ್ರತಿಯೊಬ್ಬನೂ ತನ್ನ ಕರ್ತವ್ಯಾಕರ್ತವ್ಯವನ್ನು ತಾನೇ ವಿವೇಚಿಸಿಕೊಳ್ಳಬೇಕಾಯಿತು. ಇನ್ನೊಂದು ಮಹಾಮಾರಿ ಎಂದಾದರೂ ಬಂದೇ ಬರುವುದಾದುದರಿಂದ, ಆ ವಿವೇಚನೆಯ ದಾರಿಯನ್ನು ಈಗ ಶಾಂತವಾಗಿ ಪರಿಶೀಲಿಸುವುದು ವ್ಯರ್ಥವಲ್ಲವೆಂದು ಭಾವಿಸುತ್ತೇನೆ.

ಮೊದಲು ತಿಳಿಯಬೇಕಾದದ್ದು, ಓಡುವುದು ಬೇರೆ, ಓಟದ ಪಂದ್ಯಕ್ಕೆ ಹೋಗುವುದು ಬೇರೆ ಎಂಬುದು. ಸುಮ್ಮನೆ ಕುಳಿತಿರುವ ಮನುಷ್ಯ ನಿಮಿಷವೊಂದಕ್ಕೆ ಆರೆಂಟು ಲೀಟರು ಗಾಳಿಯನ್ನು ಒಳಕ್ಕೆಳೆದು ಹೊರಕ್ಕೆ ಬಿಡುತ್ತಾನೆ. ಪೂರ್ಣವೇಗದಿಂದ ಓಡುವ ಪಳಗಿದ ಓಟಗಾರನಲ್ಲಿ ಅದು ನೂರು ಲೀಟರನ್ನೂ ಮೀರುವುದುಂಟು. ಕೋವಿಡ್ ರೋಗ ಹರಡುವುದು ಮುಖ್ಯವಾಗಿ ಉಸಿರಿನೊಡನೆ ಹೊರಬೀಳುವ ಸೂಕ್ಷ್ಮ ತುಂತುರುಗಳಿಂದಲಾದುದರಿಂದ, ಏದುಸಿರು ಬಿಡುವವನು ಸೋಂಕನ್ನು ಪಡೆಯುವುದರಲ್ಲಿಯೂ ಕೊಡುವುದರಲ್ಲಿಯೂ ಕುಳಿತವನಿಗಿಂತ ಬಹಳ ಹೆಚ್ಚು ಸಮರ್ಥನಾಗಿರುತ್ತಾನೆ. ಆದರೆ ಬಯಲಿನ ಗಾಳಿ ಅಷ್ಟೇ ದಯಾಮಯಿ. ಪಾವಗಡದ ತಿರುಮಣಿಯ ಕಡೆ, ಕಣ್ಣು ಹಾಯುವವರೆಗೂ ಹಾಸಿದ ಸೌರಫಲಕಗಳ ನಡುವೆ, ಬೀಸುವ ಗಾಳಿಗೆ ಮೈಯೊಡ್ಡಿ ಒಬ್ಬನೇ ಓಡುವವನ ಉಸಿರು ಕ್ಷಣಾರ್ಧದಲ್ಲಿ ಚದುರಿ ಇಲ್ಲವಾಗುತ್ತದೆ. ಅವನಿಂದ ಯಾರಿಗೂ ಅಪಾಯವಿಲ್ಲ, ಯಾರಿಂದಲೂ ಅವನಿಗೆ ಭಯವಿಲ್ಲ. ಲಾಕ್‌ಡೌನ್ ಸಡಿಲವಾದ ಮೇಲೂ ಇಂಥವನನ್ನು ಕಂಡು ಗದರಿಸಿದವರು ಗಾಳಿಯ ಸ್ವಭಾವವನ್ನು ಅರಿಯದೆ ಗದರಿಸಿದರೆಂದೇ ಹೇಳಬೇಕು. ಕಠಿಣ ವ್ಯಾಯಾಮ ಮಾಡುವಾಗ ಮುಖಗವುಸು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿತ್ತು. ಬೆವರಿಗೆ ನೆನೆದ ಬಟ್ಟೆ ಉಸಿರಾಟಕ್ಕೆ ಅಡ್ಡಿಯಾಗುವುದೆಂಬುದು ಅದರ ಕಾರಣ.

ಪಂದ್ಯದ ಸಂಗತಿಯಾದರೋ ಬೇರೆ. ಜನ ಓಟವೆಂದರೆ ಓಡುವ ಆ ಒಂದು ಗಂಟೆಯನ್ನು ಮಾತ್ರ ನೆನೆಯುತ್ತಾರೆ. ಪಂದ್ಯವೆಂಬುದು ಹಿಂದಿನ ದಿನ ಯಾವುದೋ ಸಭಾಂಗಣದಲ್ಲಿ ಎದೆಗೆ ಕಟ್ಟುವ ನಂಬರಿಗಾಗಿ ಸಾಲು ನಿಲ್ಲುವುದರಿಂದ ಮೊದಲಾಗಿ, ಪ್ರಾರಂಭದ ಗೀಟಿನ ಹಿಂದೆ ಭುಜಕ್ಕೆ ಭುಜ ತಾಗಿಸಿಕೊಂಡು ಕಾಲು ಗಂಟೆ ಕಾಯುವುದು, ನೀರಿನ ಮೇಜಿನ ಬಳಿ ನೂಕಾಡುವುದು, ಮುಗಿದ ಮೇಲೆ ಪದಕ ಕಚ್ಚಿಕೊಂಡು ಗೆಳೆಯರ ಹೆಗಲಮೇಲೆ ಕೈಹಾಕಿ ಚಿತ್ರ ತೆಗೆಸಿಕೊಳ್ಳುವುದು, ಶಾಮಿಯಾನದ ಕೆಳಗೆ ತಟ್ಟೆ ಹಿಡಿದು ಉಪ್ಪಿಟ್ಟಿಗೆ ನಿಲ್ಲುವುದು, ಇವೆಲ್ಲವೂ ಸೇರಿದ ಒಂದು ಜಾತ್ರೆ. ಜಾತ್ರೆಯ ಸೊಗಸೆಲ್ಲ ಜನಸಂದಣಿಯಲ್ಲಿದೆ. ಅದರ ಅಪಾಯವೂ ಅಲ್ಲಿಯೇ ಇದೆ.

ನಮ್ಮ ಸೀಮೆಯವನಿಗೆ ಇದರ ಮೇಲೆ ಪ್ರಯಾಣವೊಂದುಂಟು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಒಂದಕ್ಕೂ ಆಗ ರೈಲು ಇರಲಿಲ್ಲ. ರಾಯದುರ್ಗದಿಂದ ತುಮಕೂರಿಗೂ ತುಮಕೂರಿನಿಂದ ದಾವಣಗೆರೆಗೂ ಹಾಕಬೇಕಾದ ಹಳಿಗಳ ಕೆಲಸ ವರ್ಷಗಳಿಂದ ನಡೆದೇ ಇತ್ತು. ಬೆಂಗಳೂರಿಗೆ ಹೋಗಬೇಕಾದರೆ ಬಸ್ಸೇ ಗತಿ. ಮಧುಗಿರಿಯಿಂದ ನೂರು ಕಿಲೋಮೀಟರಿನಷ್ಟು, ಪಾವಗಡದಿಂದ ಅದಕ್ಕಿಂತ ಬಹಳ ಹೆಚ್ಚು ದೂರವನ್ನು, ಛಳಿಗೋ ಧೂಳಿಗೋ ಕಿಟಕಿಗಳನ್ನೆಲ್ಲ ಎಳೆದ ಬಸ್ಸಿನಲ್ಲಿ, ಮೂರು ಜನರ ಸೀಟಿನಲ್ಲಿ ಮೂವರೂ ಕೂತು, ನಡುವಿನ ದಾರಿಯಲ್ಲಿ ನಿಂತವರ ಉಸಿರನ್ನು ಹಂಚಿಕೊಳ್ಳುತ್ತ ಕ್ರಮಿಸಬೇಕು. ಐದಾರು ಮಂದಿ ಸೇರಿ ಬಾಡಿಗೆ ಕಾರು ಮಾಡಿಕೊಂಡರೂ ಗಾಳಿ ಮುಚ್ಚಿದ ಆ ಪೆಟ್ಟಿಗೆ ಚಿಕ್ಕದಾಗುವುದೇ ಹೊರತು ಅಪಾಯ ಚಿಕ್ಕದಾಗುವುದಿಲ್ಲ. ಬೆಂಗಳೂರಿನವನು ಮನೆಯಿಂದ ಸೈಕಲ್ಲಿನಲ್ಲಿ ಹೋಗಿ ಓಡಿ ಬರುವ ಪಂದ್ಯವೂ, ಪಾವಗಡದವನು ಹಿಂದಿನ ದಿನ ಬಸ್ಸು ಹತ್ತಿ, ರಾತ್ರಿ ನೆಂಟರ ಮನೆಯಲ್ಲಿ ತಂಗಿ, ಓಡಿ, ಮತ್ತೆ ಬಸ್ಸು ಹತ್ತಿ ಬರುವ ಪಂದ್ಯವೂ ಹೆಸರಿಗೆ ಮಾತ್ರ ಒಂದೇ. ಓಟದ ಅಪಾಯವನ್ನು ಅಳೆಯುವವನು ಮೈದಾನವನ್ನು ಅಳೆಯುವ ಮುಂಚೆ ದಾರಿಯನ್ನು ಅಳೆಯಬೇಕು.

ದಾರಿಯನ್ನು ಅಳೆದ ಮೇಲೆ ಮನೆಯನ್ನು ಅಳೆಯಬೇಕು. ನನ್ನ ಮನಸ್ಸಿಗೆ ಎಲ್ಲಕ್ಕಿಂತ ಮುಖ್ಯವೆಂದು ತೋರುವುದು ಇದೇ. ಸೋಂಕು ತಗುಲಿದವನಲ್ಲಿ ಲಕ್ಷಣ ಕಾಣಿಸಿಕೊಳ್ಳಲು ಎರಡರಿಂದ ಹದಿನಾಲ್ಕು ದಿನ, ಸಾಮಾನ್ಯವಾಗಿ ಐದು ದಿನ ಹಿಡಿಯುತ್ತದೆಂದೂ, ಲಕ್ಷಣ ಕಾಣುವುದಕ್ಕೆ ಒಂದೆರಡು ದಿನ ಮೊದಲೇ ಅವನು ಇತರರಿಗೆ ಅದನ್ನು ಹಂಚಬಲ್ಲನೆಂದೂ ವೈದ್ಯರು ಆಗ ಹೇಳಿದರು. ಓಟಗಾರನಾದವನು ತರುಣ, ಬಲಿಷ್ಠ. ಅವನಿಗೆ ಬಂದರೂ ನೆಗಡಿಯಂತೆ ಬಂದು ಹೋಗುವ ಸಂಭವವೇ ಹೆಚ್ಚು. ಎಷ್ಟೋ ವೇಳೆ ಬಂದದ್ದೂ ತಿಳಿಯದು. ಭಾನುವಾರ ಓಡಿ ಬಂದವನು ಬುಧವಾರ ಹಟ್ಟಿಯ ಜಗುಲಿಯಮೇಲೆ ತಾತನ ಪಕ್ಕದಲ್ಲಿ ಕೂತು ಪದಕ ತೋರಿಸುತ್ತಿರುವಾಗ, "ಎಷ್ಟು ಜನ ಓಡಿದ್ರಪ್ಪಾ?" ಎಂದು ಅವರು ವಾತ್ಸಲ್ಯದಿಂದ ಕೇಳುತ್ತಿರುವಾಗ, ಅವನು ಕೊಡುತ್ತಿರುವುದು ಉತ್ತರವನ್ನಷ್ಟೇ ಅಲ್ಲದಿರಬಹುದು. ಮೂರು ತಲೆಮಾರು ಒಂದೇ ಸೂರಿನಡಿ ಮಲಗುವ, ಪ್ರತ್ಯೇಕವಾಗಿರಲು ಕೋಣೆಯೇ ಇಲ್ಲದ ಮನೆಗಳು ನಮ್ಮವು. ದೇಹದಾರ್ಢ್ಯವೆಂಬುದು ಓಟಗಾರನನ್ನು ಕಾಪಾಡುವ ಗುಣ. ಅದೇ ಗುಣ ಅವನನ್ನು ಅರಿವಿಲ್ಲದ ವಾಹಕನನ್ನಾಗಿ ಮಾಡುತ್ತದೆ. ಆದಕಾರಣ "ನನಗೇನೂ ಆಗುವುದಿಲ್ಲ" ಎಂಬ ಮಾತು, ಅದು ನಿಜವೇ ಆಗಿದ್ದರೂ, ಈ ನಿರ್ಧಾರಕ್ಕೆ ಆಧಾರವಾಗಲಾರದು. ಏನಾದರೂ ಆಗುವುದಾದರೆ ಅದು ಆಗುವುದು ಬೇರೆಯವರಿಗೆ. ಆ ಬೇರೆಯವರು ಪಂದ್ಯಕ್ಕೆ ಹೆಸರು ಕೊಟ್ಟವರಲ್ಲ.

ನಮ್ಮ ಹಿರಿಯರಿಗೆ ಮಾರಿಯೊಡನೆ ಬದುಕಿದ ಅನುಭವವಿತ್ತು. 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಹೊಕ್ಕು ಮೈಸೂರು ಸೀಮೆಯಲ್ಲೆಲ್ಲ ವರ್ಷಾನುವರ್ಷ ಸುಳಿದಾಡಿದ ಪ್ಲೇಗಿನ ಕಾಲದಲ್ಲಿ, ಎಲ್ಲಾದರೂ "ಇಲಿ ಬಿತ್ತು" ಎಂಬ ಸುದ್ದಿ ಕೇಳಿಬಂದರೆ ಸಾಕು, ಜನ ಮನೆಗೆ ಬೀಗ ಹಾಕಿ, ಮಕ್ಕಳುಮರಿಗಳೊಡನೆ ಊರು ಬಿಟ್ಟು, ಹೊಲಗಳಲ್ಲಿ ಸೋಗೆಯ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಮಾರಿಯನ್ನು ಕಳೆಯುವುದಕ್ಕೆಂದು ಊರಿಗೆ ಊರೇ ಒಂದು ದಿನ ಬಾಗಿಲು ಮುಚ್ಚಿ ಹೊರಗೆ ಹೋಗಿ ಅಡುಗೆ ಮಾಡಿ ಉಂಡು ಸಂಜೆ ಹಿಂದಿರುಗುವ ಹೊರಬೀಡಿನ ಪದ್ಧತಿ ಬಯಲುಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಪೂರ್ತಿ ಅಳಿದಿಲ್ಲ. ಪ್ಲೇಗು ಇಲಿಯಿಂದಲೂ ಚಿಗಟದಿಂದಲೂ ಬರುವ ವ್ಯಾಧಿಯಾದುದರಿಂದ ಮನೆ ಬಿಟ್ಟು ಓಡುವುದೇ ಅಲ್ಲಿ ವಿವೇಕವಾಗಿತ್ತು. ಕೋವಿಡ್ ಮನುಷ್ಯನಿಂದ ಮನುಷ್ಯನಿಗೆ ಉಸಿರಿನಲ್ಲಿ ಬರುವ ವ್ಯಾಧಿ; ಇಲ್ಲಿ ಓಡುವವನೊಡನೆ ಮಾರಿಯೂ ಓಡುತ್ತದೆ. ಹಳೆಯ ಪಾಠವನ್ನು ಹಾಗೆಯೇ ಒಪ್ಪಿಸಿದರೆ ತಪ್ಪಾಗುವ ಸಂದರ್ಭವಿದು. 2020ರ ಮಾರ್ಚಿನಲ್ಲಿ ಬೆಂಗಳೂರು ಬಿಟ್ಟು ತಂಡ ತಂಡವಾಗಿ ಹಳ್ಳಿಗಳಿಗೆ ಮರಳಿದವರನ್ನು ಕಂಡು ಎಷ್ಟೋ ಊರಿನವರು ದಾರಿಗೆ ಅಡ್ಡಲಾಗಿ ಮುಳ್ಳುಬೇಲಿ ಹಾಕಿದರು. ಅದರಲ್ಲಿ ನಿರ್ದಯತೆಯಿತ್ತು, ನಿಜ. ಆದರೂ ಹಳ್ಳಿಗೆ ರೋಗ ಬರುವುದು ರಸ್ತೆಯಿಂದಲೇ ಎಂಬ ತಿಳಿವಳಿಕೆಯೂ ಅದರಲ್ಲಿತ್ತು.

ಪಂದ್ಯ ನಡೆಸುವವರೇ ನಿಲ್ಲಿಸದಿದ್ದರೆ ಓಟಗಾರನೇನು ಮಾಡಬೇಕು? ಇಂಗ್ಲೆಂಡಿನ ಬಾತ್ ನಗರದ ಅರೆ ಮ್ಯಾರಥಾನ್ ಇದಕ್ಕೆ ತಕ್ಕ ನಿದರ್ಶನ. 2020ರ ಮಾರ್ಚ್ 15ರಂದು, ಹಲವರು ಬೇಡವೆಂದು ಬೇಡಿಕೊಳ್ಳುತ್ತಿದ್ದಾಗಲೂ, ಸರ್ಕಾರ ನಿಷೇಧಿಸಿಲ್ಲವೆಂಬ ಆಧಾರದಮೇಲೆ ಅದು ನಡೆದೇ ಹೋಯಿತು; ಆರು ಸಾವಿರಕ್ಕೂ ಹೆಚ್ಚು ಜನ ಓಡಿದರು. ಆದರೆ ಹೆಸರು ಕೊಟ್ಟಿದ್ದವರಲ್ಲಿ ಅರ್ಧದಷ್ಟು ಮಂದಿ ಬರಲಿಲ್ಲ. ಹಣ ಕಟ್ಟಿ, ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ಯಾರೂ ತಡೆಯದಿದ್ದಾಗ ತಾವಾಗಿಯೇ ಮನೆಯಲ್ಲುಳಿದ ಆ ಸಾವಿರಾರು ಜನರ ಹೆಸರು ಯಾವ ಫಲಿತಾಂಶದ ಪಟ್ಟಿಯಲ್ಲಿಯೂ ಇಲ್ಲ. ನನಗೆ ಗೌರವವಿರುವುದು ಅವರಲ್ಲಿ. ಮುಂದಿನ ತಿಂಗಳುಗಳಲ್ಲಿ ದೊಡ್ಡ ಪಂದ್ಯಗಳವರು ಈ ಭಾರವನ್ನು ಓಟಗಾರನ ಹೆಗಲಿನಿಂದ ತಾವೇ ಇಳಿಸಿಕೊಂಡರು. 1897ರಿಂದ ಬಂದ ಬಾಸ್ಟನ್ ಮ್ಯಾರಥಾನ್, 1918ರ ಯುದ್ಧಕಾಲದಲ್ಲಿ ಕೂಡ ಸೈನಿಕರ ರಿಲೇ ಓಟವಾಗಿ ಹೇಗೋ ಉಳಿದುಬಂದದ್ದು, 2020ರಲ್ಲಿ ಮೊದಲ ಬಾರಿಗೆ ರದ್ದಾಯಿತು. ಮುಂಬಯಿಯ ಮ್ಯಾರಥಾನ್ ಎರಡು ವರ್ಷ ನಿಂತು 2023ರ ಜನವರಿಯಲ್ಲಿ ಮರಳಿತು. ಬೆಂಗಳೂರಿನ ಹತ್ತು ಕಿಲೋಮೀಟರಿನ ಓಟ ಎಂದಿನ ಜನಸ್ತೋಮದೊಡನೆ ಬೀದಿಗೆ ಬಂದದ್ದು 2022ರ ಮೇ 15ರಂದು.

ಇಲ್ಲಿ ಆಕ್ಷೇಪವೊಂದನ್ನು ನ್ಯಾಯವಾಗಿ ಎತ್ತಿಕೊಳ್ಳಬೇಕು. 2020ರ ನವೆಂಬರ್ 3ರಂದು ಶಿರಾ ವಿಧಾನಸಭಾ ಕ್ಷೇತ್ರದ ಉಪಚುನಾವಣೆ ನಡೆಯಿತು. ಶೇಕಡಾ ಎಂಬತ್ತಕ್ಕೂ ಮೀರಿ ಜನ ಮತ ಹಾಕಿದರು. ಅದಕ್ಕೆ ಮುಂಚಿನ ವಾರಗಳಲ್ಲಿ ಪ್ರಚಾರದ ಸಭೆಗಳೂ ಮೆರವಣಿಗೆಗಳೂ ನಡೆದವು. ಚುನಾವಣೆಗೆ ಇಲ್ಲದ ನಿರ್ಬಂಧ ಐನೂರು ಹುಡುಗರ ಓಟಕ್ಕೇಕೆ ಎಂದು ಯಾವನಾದರೂ ಕೇಳಿದರೆ ಅದು ಉದ್ಧಟತನದ ಪ್ರಶ್ನೆಯಲ್ಲ. ಮತದಾನಕ್ಕೆ ಚುನಾವಣಾ ಆಯೋಗವು ವಿಧಿಸಿದ ಕಟ್ಟುಪಾಡುಗಳು, ಒಂದು ಮತಗಟ್ಟೆಗೆ ಸಾವಿರ ಮತದಾರರ ಮಿತಿ, ಕೈಗವುಸು, ಸೋಂಕಿತರಿಗೆ ಕೊನೆಯ ಒಂದು ಗಂಟೆ, ಇವು ಯೋಗ್ಯವಾಗಿಯೇ ಇದ್ದವು. ಪ್ರಚಾರದ ಗುಂಪುಗಳಿಗೆ ಅಂಥ ಸಮರ್ಥನೆಯಿಲ್ಲ. ಆದರೂ ಚುನಾವಣೆಗೆ ಬದಲಿಯಿಲ್ಲ, ಪ್ರಜೆಗೆ ಪ್ರತಿನಿಧಿ ಬೇಕು. ಓಟವನ್ನು ಮುಂದಿನ ವರ್ಷ ಓಡಬಹುದು. ಒಬ್ಬರು ಗುಂಪುಗೂಡಿದರೆಂಬುದು ಇನ್ನೊಬ್ಬರು ಗುಂಪುಗೂಡುವುದಕ್ಕೆ ಕಾರಣವಾದೀತೇ ಹೊರತು ನ್ಯಾಯವಾಗಲಾರದು.

ಆ ಬಳಿಕ ಎರಡನೆಯ ಅಲೆ ಬಂತು. 2021ರ ಮೇ 5ರಂದು ಕರ್ನಾಟಕದಲ್ಲಿ ಒಂದೇ ದಿನ 50,112 ಹೊಸ ಪ್ರಕರಣಗಳು ದಾಖಲಾದವು. ಹಾಸಿಗೆಗಾಗಿ, ಆಮ್ಲಜನಕಕ್ಕಾಗಿ ಜನ ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾ ಆಸ್ಪತ್ರೆಗೆ, ಅಲ್ಲಿಂದ ಬೆಂಗಳೂರಿಗೆ ಅಲೆದ ಆ ದಿನಗಳನ್ನು ವಿಸ್ತರಿಸಿ ಬರೆಯುವ ಶಕ್ತಿ ನನಗಿಲ್ಲ. ಓಟಕ್ಕೆ ಸಂಬಂಧಿಸಿದ ಒಂದು ಮಾತನ್ನು ಮಾತ್ರ ಹೇಳುತ್ತೇನೆ. ದೊಡ್ಡ ಪಂದ್ಯವೊಂದಕ್ಕೆ ಆಂಬುಲೆನ್ಸುಗಳು ಬೇಕು, ವೈದ್ಯರೂ ದಾದಿಯರೂ ಬೇಕು, ರಸ್ತೆ ಕಾಯಲು ಪೊಲೀಸರು ಬೇಕು. ಬಿಸಿಲಿಗೆ ಕುಸಿದ ಓಟಗಾರನೊಬ್ಬನಿಗೆ ಕೊಡುವ ಹಾಸಿಗೆ ಅಂದಿನ ದಿನಗಳಲ್ಲಿ ಉಸಿರು ಸಿಕ್ಕಿಕೊಂಡವನೊಬ್ಬನಿಂದ ಕಿತ್ತುಕೊಂಡ ಹಾಸಿಗೆಯಾಗುತ್ತಿತ್ತು. ಯಾರೊಬ್ಬರಿಗೂ ಸೋಂಕು ಹರಡದಂತೆ ಪಂದ್ಯ ನಡೆಸುವ ಉಪಾಯವಿದ್ದರೂ ಈ ಕಾರಣವೊಂದೇ ಬೇಡವೆನ್ನಲು ಸಾಕು.

ಈ ನಡುವೆ ಹುಟ್ಟಿಕೊಂಡ ಮೊಬೈಲ್ ಆಪ್‌ನ ಓಟಗಳನ್ನು ಕುರಿತು ಎರಡು ಮಾತು. 2020ರ ನವೆಂಬರ್ 29ರಂದು ದೆಹಲಿಯ ಅರೆ ಮ್ಯಾರಥಾನಿನಲ್ಲಿ ಆಯ್ದ ಶ್ರೇಷ್ಠ ಓಟಗಾರರು ಮಾತ್ರ ರಸ್ತೆಯಲ್ಲಿ ಓಡಿದರು. ಉಳಿದವರು ತಮ್ಮ ತಮ್ಮ ಊರಿನಲ್ಲೇ ಓಡಿ ಮೊಬೈಲಿನ ಮೂಲಕ ಲೆಕ್ಕ ಒಪ್ಪಿಸಿದರು. ಆ ದಿನ ಮಹಾರಾಷ್ಟ್ರದ ಅವಿನಾಶ ಸಾಬ್ಳೆ 1 ಗಂಟೆ 30 ಸೆಕೆಂಡುಗಳಲ್ಲಿ ಓಡಿ ರಾಷ್ಟ್ರೀಯ ದಾಖಲೆ ಮಾಡಿದರು. ರಸ್ತೆಯ ಬದಿಯಲ್ಲಿ ಎಂದಿನ ಜನಜಂಗುಳಿಯಿಲ್ಲದೆಯೂ ಮನುಷ್ಯ ತನ್ನ ಶಕ್ತಿಯ ಮೇರೆಯನ್ನು ಮುಟ್ಟಬಲ್ಲನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಕೊರಟಗೆರೆಯ ರಸ್ತೆಯಲ್ಲಿ ಒಬ್ಬನೇ ಓಡಿ ಮೊಬೈಲಿಗೆ ಬಂದ ಪ್ರಶಸ್ತಿಪತ್ರವನ್ನು ನೋಡಿಕೊಳ್ಳುವುದು ಪಂದ್ಯವಲ್ಲ ಎಂದು ಬೇಸರಿಸಿದವರ ಮಾತನ್ನೂ ನಾನು ತಳ್ಳಿಹಾಕಲಾರೆ. ಜೊತೆಯವನ ಹೆಜ್ಜೆಯ ಸದ್ದಿಗೆ ತನ್ನ ಹೆಜ್ಜೆ ಚುರುಕಾಗುವ ಸುಖ ಮೊಬೈಲಿನಿಂದ ಬಾರದು. ಅದು ನಷ್ಟವೇ, ನಷ್ಟವೆಂದು ಒಪ್ಪಿಕೊಂಡು ಸಹಿಸಬೇಕಾದದ್ದು.

ಸೋಂಕು ಕಡಮೆಯಾಗಿ, ಲಸಿಕೆ ದೊರೆತು, ಸಣ್ಣ ಪಂದ್ಯಗಳು ಪುನಃ ಮೊದಲಾದಾಗ, ಹೋಗಲೇಬೇಕೆಂಬ ಆಸೆಯುಳ್ಳವನು ಕೇಳಿ ತಿಳಿಯಬೇಕಾದ ಕೆಲವು ಸಂಗತಿಗಳಿದ್ದವು: ಎಲ್ಲರನ್ನೂ ಒಮ್ಮೆಗೇ ಬಿಡುವರೋ, ಹತ್ತಿಪ್ಪತ್ತು ಜನರ ತಂಡಗಳಾಗಿ ಅಂತರವಿಟ್ಟು ಬಿಡುವರೋ, ನಂಬರನ್ನು ಅಂಚೆಯಲ್ಲಿ ಕಳಿಸುವರೋ, ಸಭಾಂಗಣದಲ್ಲಿ ಹಂಚುವರೋ, ಜ್ವರ ಬಂದವನು ಹಿಂದೆ ಸರಿದರೆ ಕಟ್ಟಿದ ಹಣವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುವರೋ. ಕೊನೆಯದು ಕ್ಷುಲ್ಲಕವೆಂದು ತೋರಬಹುದು. ಆದರೆ ಹಣ ಹೋಗುವುದೆಂಬ ಸಂಕಟದಿಂದಲೇ ಗಂಟಲು ಕೆರೆಯುತ್ತಿದ್ದರೂ ಮಾತ್ರೆ ನುಂಗಿ ಓಡಲು ಬರುವವರುಂಟು. ಸ್ವತಃ ಸೋಂಕಿನಿಂದ ಎದ್ದವನಿಗಂತೂ ಆತುರ ಕೂಡದು. ವೈರಸ್ಸು ಕೆಲವರಲ್ಲಿ ಹೃದಯದ ಮಾಂಸಖಂಡಕ್ಕೆ ಉರಿಯೂತ ತರುವುದುಂಟಾದುದರಿಂದ, ಕನಿಷ್ಠ ಹತ್ತು ದಿನ ವಿಶ್ರಮಿಸಿ, ಏಳು ದಿನ ಯಾವ ಲಕ್ಷಣವೂ ಇಲ್ಲದಿದ್ದ ಮೇಲೆ, ನಡಿಗೆಯಿಂದ ಮೊದಲುಮಾಡಿ ಮೆಲ್ಲಮೆಲ್ಲನೆ ಓಟಕ್ಕೆ ಬರಬೇಕೆಂದು ಕ್ರೀಡಾವೈದ್ಯರು ಸೂಚಿಸಿದರು. ಎದೆನೋವು, ಎದೆಬಡಿತದ ಏರುಪೇರು, ಅಕಾರಣವಾದ ಆಯಾಸ ಕಂಡರೆ ಓಟವನ್ನು ಬಿಟ್ಟು ವೈದ್ಯರ ಬಳಿಗೆ ಹೋಗತಕ್ಕದ್ದು.

ಇಷ್ಟನ್ನೂ ಬರೆದ ಮೇಲೆ, ಆ ಸುಣ್ಣದ ಗೀಟಿನ ಬಳಿಯ ಹುಡುಗರು ನೆನಪಿಗೆ ಬಂದು ನನ್ನ ಲೇಖನಿ ಅಳುಕುತ್ತದೆ. ಮುಂದಿನ ವರ್ಷ ಓಡಬಹುದೆಂದು ನಾನು ಮೇಲೆ ಸುಲಭವಾಗಿ ಬರೆದೆ. ಪದಕಕ್ಕಾಗಿ ಓಡುವವನಿಗೆ ಆ ಮಾತು ಸಲ್ಲುತ್ತದೆ; ಅನ್ನಕ್ಕಾಗಿ ಓಡುವವನಿಗೆ ಸಲ್ಲುವುದೆ? ಪೊಲೀಸ್ ಪೇದೆಯಾಗಬೇಕೆಂಬ ತರುಣ 1600 ಮೀಟರನ್ನು ಆರೂವರೆ ನಿಮಿಷದಲ್ಲಿ, ತರುಣಿ 400 ಮೀಟರನ್ನು ಎರಡು ನಿಮಿಷದಲ್ಲಿ ಮುಗಿಸಬೇಕು. ಆಗಿನ ಸೇನೆಯ ಭರ್ತಿಯಲ್ಲಿ 1600 ಮೀಟರನ್ನು ಐದೂವರೆ ನಿಮಿಷದೊಳಗೆ ಓಡಿದವನಿಗೆ ಅರವತ್ತು ಅಂಕ, ಅದಕ್ಕಿಂತ ಹದಿನೈದು ಸೆಕೆಂಡು ತಡವಾದರೆ ನಲವತ್ತೆಂಟು, ಅದನ್ನೂ ಮೀರಿದರೆ ಮನೆಯ ದಾರಿ ಎಂಬ ನಿಯಮವಿತ್ತು. ಮಳೆ ಬಂದರೆ ಕಡಲೆಕಾಯಿ, ಬಾರದಿದ್ದರೆ ಬೆಂಗಳೂರಿನ ಕೂಲಿ ಎಂಬ ಪಾವಗಡದ ಮನೆಯಲ್ಲಿ ಆ ಹದಿನೈದು ಸೆಕೆಂಡು ಒಂದು ಸಂಸಾರದ ಯೋಗಕ್ಷೇಮ. ಇಂಥವನಿಗೆ ಪಂದ್ಯ ಜಾತ್ರೆಯಲ್ಲ, ವಿನೋದವಲ್ಲ. ಸಾವಿರಾರು ಜನ ಸೇರುವ ಭರ್ತಿಯ ಮೈದಾನಕ್ಕೆ ಹೋಗಬೇಡವೆಂದು ತಿಂಗಳ ಸಂಬಳ ತಪ್ಪದೆ ಬರುವ ನಾನು ಹೇಳುವುದು ಧರ್ಮವೂ ಅಲ್ಲ. ಆ ಮಾತನ್ನು ಹೇಳಬೇಕಾದವರು ಭರ್ತಿ ಮಾಡಿಕೊಳ್ಳುವವರು. ಹೇಳುವಾಗಲೇ, ಕಾಯುವ ಕಾಲವನ್ನು ನಿನ್ನ ವಯಸ್ಸಿನ ಲೆಕ್ಕದಲ್ಲಿ ಹಿಡಿಯುವುದಿಲ್ಲ ಎಂಬ ಭರವಸೆಯನ್ನೂ ಕೊಡಬೇಕಾಗಿತ್ತು. ಹಾಗೆ ಮಾಡಿದ್ದರೆ ತಾತನ ಉಸಿರೋ ತನ್ನ ಕೆಲಸವೋ ಎಂಬ ತೂಕವನ್ನು ಹದಿನೆಂಟರ ಹುಡುಗ ತಾನೊಬ್ಬನೇ ತೂಗಬೇಕಾಗುತ್ತಿರಲಿಲ್ಲ.

ಭರವಸೆ ಬಂದದ್ದು ತಡವಾಗಿ. ಎರಡು ವರ್ಷ ಭರ್ತಿ ನಡೆಸಲಾಗಲಿಲ್ಲವೆಂಬ ಕಾರಣವನ್ನು ಹೇಳಿ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ, ಸೇನಾ ಭರ್ತಿಯ ಅಗ್ನಿಪಥ ಯೋಜನೆಯ ಗರಿಷ್ಠ ವಯಸ್ಸನ್ನು ಆ ಒಂದು ಬಾರಿಗೆ 21ರಿಂದ 23ಕ್ಕೆ ಏರಿಸಿತು. 2020ರಲ್ಲಿ ಇಪ್ಪತ್ತು ದಾಟಿರದವರಿಗೆ ಅದರಿಂದ ಬಾಗಿಲು ಮತ್ತೆ ತೆರೆಯಿತು. ಅವರಿಗಿಂತ ಒಂದೆರಡು ವರ್ಷ ದೊಡ್ಡವರಾಗಿದ್ದವರು ಅಷ್ಟರಲ್ಲಿ ಅದನ್ನೂ ದಾಟಿದ್ದರು. ಮೋರಿಯ ಮೇಲಿನ ಗೀಟು ಎರಡು ಮಳೆಗಾಲಗಳಲ್ಲಿ ತೊಳೆದುಹೋಗಿತ್ತು. ಅದಕ್ಕೆ ಮತ್ತೆ ಸುಣ್ಣ ಬಳಿದವರು ಬೇರೆ ಹುಡುಗರು.